ಮುಳುಗಿದ್ದಲ್ಲ, ಮುಳುಗಿಸಿದ್ದು

ಪಟಗಳಿಗೆ ಚೌಕಟ್ಟು ಹಾಕುವ ಆ ಹೆಂಗಸನ್ನು ಬೀದಿಯವರೆಲ್ಲ ಅಳತೆಯಮ್ಮ ಎಂದೇ ಕರೆಯುತ್ತಿದ್ದರು. ಗಾಜು ಕೂದಲೆಳೆಯಷ್ಟು ಹೆಚ್ಚುಕಡಿಮೆಯಾದರೂ ಅದನ್ನು ಬದಿಗಿಟ್ಟು ಹೊಸದನ್ನು ಕತ್ತರಿಸುವವಳು. ಮಾತಿನಲ್ಲೂ ಹಾಗೆಯೇ. "ಸುಮಾರು ಇಷ್ಟಿರಲಿ" ಎಂದವರನ್ನು, ಸುಮಾರು ಎಂದರೆ ಎಷ್ಟು ಎಂದು ಕೇಳಿ ಬೆವರಿಳಿಸುತ್ತಿದ್ದಳು.

ಈ ಗುಣ ಅವಳಿಗೆ ಬಂದದ್ದು ಒಂದು ಮಾತಿನ ಏಟಿನಿಂದ. ಯುದ್ಧದ ಕಾಲದಲ್ಲಿ ಅವಳ ಅಪ್ಪ ಒಂದು ಪುಟ್ಟ ಕಾವಲು ಹಡಗಿನ ಚುಕ್ಕಾಣಿ ಹಿಡಿದಿದ್ದವರು. ಸೈನಿಕರನ್ನು ತುಂಬಿಕೊಂಡು ಬರುತ್ತಿದ್ದ ಭಾರೀ ಹಡಗೊಂದನ್ನು ಕಾಯುವುದು ಅದರ ಕೆಲಸ. ಹಾಡಹಗಲೇ ಆ ಭಾರೀ ಹಡಗು ಇದರ ನಡುವಿಗೇ ನುಗ್ಗಿ, ಎರಡು ಹೋಳು ಮಾಡಿ, ನಿಲ್ಲದೆ ಮುಂದೆ ಹೋಯಿತು. ಇನ್ನೂರು ಚಿಲ್ಲರೆ ಜನ ನೀರುಪಾಲಾದರು. ಬದುಕಿದವರು ಹತ್ತೊಂಬತ್ತು ಮಂದಿ. ತಾನು ಹಿಡಿದ ದಾರಿ ಬಿಟ್ಟು ಅಲುಗಲಿಲ್ಲ, ತಿರುಗಿದ್ದು ಅವರೇ ಎಂದು ಅಪ್ಪ ವಿಚಾರಣೆಯಲ್ಲಿ ಹೇಳಿದರು. ಚಿಕ್ಕದೇ ಅಡ್ಡ ಬಂತು ಎಂದ ಭಾರೀ ಹಡಗಿನ ಕಪ್ತಾನ. ತೀರ್ಪಿನಲ್ಲಿ ಉಳಿದದ್ದು ಕಪ್ತಾನನ ಮಾತು.

ಆಮೇಲೆ ಅಪ್ಪನ ಕೈಗೆ ಯಾರೂ ಒಂದು ದೋಣಿಯ ಹುಟ್ಟನ್ನೂ ಕೊಡಲಿಲ್ಲ. ಗೋದಾಮಿನಲ್ಲಿ ಮೂಟೆ ಹೊತ್ತು ಮುದುಕರಾದರು. ಅವಳು ಶಾಲೆಯ ಸಾಲಿನಲ್ಲಿ ನಿಂತರೆ ಹುಡುಗಿಯರು, "ಜಾಗ ಬಿಡೇ, ಅಡ್ಡ ಬರೋದು ನಿಮ್ಮನೆ ಕಸುಬು" ಎಂದು ನಗುತ್ತಿದ್ದರು. ಒಬ್ಬಳ ಜಡೆ ಹಿಡಿದೆಳೆದು ಅವಳು ಮೂರು ದಿನ ತರಗತಿಯ ಹೊರಗೆ ನಿಂತದ್ದೂ ಉಂಟು. ಐವತ್ತು ದಾಟಿದರೂ ಆ ಸಿಟ್ಟು ಆರಿರಲಿಲ್ಲ.

ಅಂಥವಳ ಅಂಗಡಿಗೆ ಒಂದು ಮಧ್ಯಾಹ್ನ ನೌಕಾ ಸ್ಮಾರಕ ಸಮಿತಿಯ ಕಾರ್ಯದರ್ಶಿ ಅರವತ್ತು ಪಟಗಳ ಕಟ್ಟು ಹೊತ್ತು ಬಂದ. ಎಲ್ಲವೂ ಆ ಭಾರೀ ಹಡಗಿನವೇ. ಪ್ರತಿಯೊಂದರ ಎಡಮೂಲೆಯಲ್ಲೂ ನೀಲಿ ಶಾಯಿಯಲ್ಲಿ ಕಪ್ತಾನನ ರುಜು. ಸಾಯುವ ಮುನ್ನ ಹಾಕಿಕೊಟ್ಟದ್ದಂತೆ. ಇಂಥವನ್ನು ಕೂಡಿಡುವ ಹವ್ಯಾಸದವರು ಮುಗಿಬಿದ್ದು ಕೊಳ್ಳುತ್ತಾರಂತೆ. ಆ ರುಜು ಕಂಡದ್ದೇ ಅವಳಿಗೆ ಮೈ ಉರಿಯಿತು. ಮನೆ ಬಾಗಿಲಿಗೆ ಬಂದ ಕೆಲಸ ಬಿಡುವುದು ಹೇಗೆಂದು ಹಲ್ಲು ಕಚ್ಚಿ, ಒಂದನ್ನು ಕವುಚಿ ಹಾಕಿ, ಬೆನ್ನಿನ ಕಡೆಯಿಂದಲೇ ಅಳೆದುಕೊಂಡು ಗಾಜು ನೋಡಲು ಒಳಕೋಣೆಗೆ ಹೋದಳು.

ಗಾಜಿನೊಡನೆ ಹೊರಬಂದಾಗ, ದಿನವೂ ಅಂಗಡಿಗೆ ಬಂದು ಬಾಗಿಲ ಬಳಿಯ ಕುರ್ಚಿಯಲ್ಲಿ ಕೂರುತ್ತಿದ್ದ ಮುದಿ ಅಪ್ಪ ಮೂರನೆಯ ಪಟಕ್ಕೆ ರುಜು ಹಾಕಿ ಮುಗಿಸುತ್ತಿದ್ದರು. ಕಾರ್ಯದರ್ಶಿ ಅವರ ಮಣಿಕಟ್ಟು ಹಿಡಿದು ಜಾಗ ತೋರಿಸುತ್ತಿದ್ದ.

"ಮುಳುಗಿದವರ ನೆನಪಿಗಂತೆ ಮಗೂ," ಎಂದರು ಅಪ್ಪ ಹಿಗ್ಗಿನಿಂದ. "ಉಳಿದಿರೋನು ನಾನೊಬ್ಬನೇ, ನನ್ನದೂ ಇರಲಿ ಅಂದ್ರು."

ಅವರ ಕನ್ನಡಕ ಜೇಬಿನಲ್ಲೇ ಇತ್ತು. ಅವಳು ಪಟ ಎಳೆದುಕೊಂಡು ಕೆಳಗಿನ ಸಣ್ಣ ಅಕ್ಷರಗಳನ್ನು ಓದಿದಳು. 'ಅಡ್ಡ ಬಂದ ಕಾವಲು ಹಡಗು ಮುಳುಗಿದ ದಿನ. ಎರಡೂ ಹಡಗಿನವರು ಒಪ್ಪಿ ಹಾಕಿದ ರುಜು.' ಜೀವಮಾನವಿಡೀ ಅಪ್ಪ ಒಪ್ಪದೆ ಉಳಿದ ಮಾತು, ಈಗ ಅವರದೇ ಕೈಬರಹದ ಮೇಲೆ ಕುಳಿತಿತ್ತು.

"ಇದನ್ನ ಅವರಿಗೆ ಓದಿ ಹೇಳಿದ್ರಾ?"

ಕಾರ್ಯದರ್ಶಿ ನಕ್ಕ. "ಹಳೇ ಕಥೆ ಬಿಡಿ ಅಕ್ಕಾ. ಹಡಗು ಮುಳುಗಿದ್ದಂತೂ ನಿಜ ತಾನೇ?"

"ಮುಳುಗಿದ್ದಲ್ಲ, ಮುಳುಗಿಸಿದ್ದು. ನಡುವೆ ಒಂದು 'ಸಿ' ನುಂಗಿದೀರಿ."

"ಒಂದಕ್ಷರಕ್ಕೆ ಇಷ್ಟು ರಂಪಾನಾ?"

ಅವಳು ಗಾಜನ್ನು ಎರಡೂ ಕೈಯಲ್ಲಿ ಅವನ ಪಾದಗಳ ನೇರಕ್ಕೆ ಹಿಡಿದಳು. "ಇದು ನಿಮ್ಮ ಕಾಲ ಮೇಲೆ ಬಿತ್ತಾ, ನಾನು ಬೀಳಿಸಿದೆನಾ ಅಂತ ಆಮೇಲೆ ಕೇಳ್ತೀನಿ. ಆಗ ಹೇಳಿ, ಒಂದಕ್ಷರ ದೊಡ್ಡದೋ ಚಿಕ್ಕದೋ."

ಅವನು ಎರಡು ಹೆಜ್ಜೆ ಹಿಂದೆ ಸರಿದ.

ಅಷ್ಟರಲ್ಲಿ ಅಪ್ಪ ಕನ್ನಡಕ ಏರಿಸಿ, ಬೆರಳಿಟ್ಟು ಒಂದೊಂದೇ ಅಕ್ಷರ ಕೂಡಿಸಿ ಓದಿದರು. ಮುಖ ಬಿಳಿಚಿಕೊಂಡಿತು. ಪೆನ್ನಿಗೆ ಮುಚ್ಚಳ ಹಾಕಿ ಪಟವನ್ನು ಮಗಳ ಕಡೆ ಸರಿಸಿದರು.

"ನನ್ನ ಹೆಸರು ತೆಗೆದುಬಿಡು," ಎಂದರು.

ಕಾರ್ಯದರ್ಶಿ ಈಗ ಗಾಬರಿಯಾದ. ಕಪ್ತಾನರು ತೀರಿಹೋಗಿದ್ದಾರೆ, ಅವರ ರುಜು ಮತ್ತೆ ಸಿಗುವುದಿಲ್ಲ, ಮೂರನ್ನೂ ಹಾಗೆಯೇ ಕೊಟ್ಟುಬಿಡಿ ಎಂದು ಗೋಗರೆದ.

"ನಿಮ್ಮ ಕಪ್ತಾನರನ್ನ ನೀವೇ ಇಟ್ಕೊಳ್ಳಿ," ಎಂದು ಅವಳು ಪಟವನ್ನು ಕತ್ತರಿಸುವ ಹಲಗೆಯ ಮೇಲೆ ಹಾಸಿ ಉಕ್ಕಿನ ಪಟ್ಟಿ ಒತ್ತಿದಳು. ಬಲಮೂಲೆಯಲ್ಲಿದ್ದ ಅಪ್ಪನ ರುಜುವಿಗೂ ಹಡಗಿನ ಮೂತಿಗೂ ನಡುವೆ ಬ್ಲೇಡು ಹಾಯುವಷ್ಟೇ ಜಾಗ. ಸಿಟ್ಟಿನಲ್ಲೇ ಅವಳು ಬ್ಲೇಡು ಎತ್ತಿಕೊಂಡಳು.

ಅಪ್ಪ ಕುರ್ಚಿಯಿಂದಲೇ ಬಗ್ಗಿ ನೋಡಿದರು. "ಹುಷಾರು ಮಗೂ, ಅವರ ಹಡಗಿಗೆ ತಾಗಿಸಬೇಡ. ಆಮೇಲೆ ಮತ್ತೆ ನಾವೇ ಅಡ್ಡ ಬಂದ್ವಿ ಅಂತಾರೆ."

ಅವಳು ನಗಲಿಲ್ಲ. ಪಟ್ಟಿಯನ್ನು ಇನ್ನೊಮ್ಮೆ ಸರಿಯಾಗಿ ಕೂರಿಸಿ, ಮೂರು ಪಟಗಳಿಂದಲೂ ಅಪ್ಪನ ರುಜುವನ್ನು ನೆಟ್ಟಗೆ ಕತ್ತರಿಸಿ ತೆಗೆದಳು. ಹಡಗಿಗೆ ಒಂದು ಗೀರೂ ಬೀಳಲಿಲ್ಲ. ಮೂಲೆ ಹೋದವನ್ನೂ ಸೇರಿಸಿ ಅರವತ್ತನ್ನೂ ಹಾಗೆಯೇ, ಚೌಕಟ್ಟಿಲ್ಲದೆ, ಬಿಗಿದು ಕಟ್ಟಿ ಕಾರ್ಯದರ್ಶಿಯ ಕೈಗೆ ತುರುಕಿದಳು.