ಎರೆಮಣ್ಣಿನ ಮೇಲೆ ಕೂರಿಸಿದ ಯಂತ್ರ

ಆಷಾಢದ ಮೊದಲ ಸೋಮವಾರ, ಬೆಳಿಗ್ಗೆ ಏಳು ಗಂಟೆ. ಹಾಜರಿದ್ದವರು ಮೂವರು: ಯಂತ್ರದ ನಕ್ಷೆ ಬರೆದ ನಾನು, ಕಾರ್ಖಾನೆಯ ಮಾಲೀಕರು, ಯಂತ್ರದ ಹಾಸನ್ನು ಕೈಯಿಂದ ಕೆರೆದು ಸಮ ಮಾಡಿದ ಫಿಟರ್. ಕಾಲುವೆಗೆ ನೀರು ಬಿಟ್ಟು ಆಗಲೇ ಕೆಲವು ವಾರಗಳಾಗಿದ್ದವು.

ಶಹಾಪುರದಿಂದ ಭೀಮರಾಯನಗುಡಿಗೆ ಹೋಗುವ ರಸ್ತೆಯ ಬದಿಗೆ ನಮ್ಮ ತಗಡಿನ ಶೆಡ್ಡು, ಅದರ ಬೆನ್ನಿಗೆ ಹೊಲಗಾಲುವೆ. ಕಾಲುವೆಯ ಗೇಟು ಮುಚ್ಚಿದಾಗ ನೀರು ಸೋರದಂತೆ ಕೂರುವ ಹಿತ್ತಾಳೆಯ ಪಟ್ಟಿಗಳನ್ನು ನುಣುಪು ಮಾಡಲು ನಾವೇ ಒಂದು ಗ್ರೈಂಡಿಂಗ್ ಯಂತ್ರ ತಯಾರಿಸಿದ್ದೆವು. ಕೆಳಗೆ ಎರಕದ ಕಬ್ಬಿಣದ ಹಾಸು, ಅದರ ಮೇಲೆ ಎರಡು ಹಳಿ, ಹಳಿಗಳ ಮೇಲೆ ಹಿಂದಕ್ಕೂ ಮುಂದಕ್ಕೂ ಜಾರುವ ಮೇಜು. ಮೇಜು ನೆಟ್ಟಗೆ ಜಾರಿದರೆ ಪಟ್ಟಿ ನೆಟ್ಟಗೆ ಬರುತ್ತದೆ. ಹಳಿ ಕೂದಲೆಳೆಯಷ್ಟು ಹೊರಳಿದರೂ ಪಟ್ಟಿ ಕೆಡುತ್ತದೆ.

ಹಳಿಗಳನ್ನು ಫಿಟರ್ ಒಬ್ಬನೇ ಕೆರೆದಿದ್ದ. ಶಿರವಾಳದವನು, ಕುರಿ ಕಾಯುವ ಮನೆತನ. ಸಮತಟ್ಟಾದ ಅಚ್ಚುಪಟ್ಟಿಗೆ ನೀಲಿ ಬಣ್ಣ ಸವರಿ ಹಳಿಯ ಮೇಲೆ ಉಜ್ಜುವುದು, ನೀಲಿ ಹತ್ತಿದ ಉಬ್ಬುಗಳನ್ನು ಸ್ಕ್ರೇಪರಿನಿಂದ ಕೆರೆಯುವುದು, ಮತ್ತೆ ಉಜ್ಜುವುದು. ಬೇಸಿಗೆಯ ಬಹುಪಾಲು ಅವನು ಹೀಗೆಯೇ ಕಳೆದ. "ನಾ ಕೆರದ ಹಳಿ ಮ್ಯಾಲ ಇರಿವಿ ಸೈತ ಕಾಲಜಾರಿ ಬೀಳತಾವ್ರಿ" ಎನ್ನುತ್ತಿದ್ದ. ಮೇ ತಿಂಗಳಲ್ಲಿ ನಾನು ಅಳೆದಾಗ ಒಂದು ಗೆರೆಯಷ್ಟೂ ದೋಷ ಇರಲಿಲ್ಲ.

ಆ ಸೋಮವಾರ ಮೇಜಿನ ಮೇಲೆ ಪಾದರಸಮಟ್ಟವನ್ನು ಅಡ್ಡಲಾಗಿ ಇಟ್ಟೆ. ಹಾಗೆ ಕರೆಯುತ್ತಿದ್ದೆವು, ಒಳಗೆ ಇರುವುದು ಗಾಳಿಗುಳ್ಳೆ. ಮೇಜು ಈ ತುದಿಯಲ್ಲಿದ್ದಾಗ ಗುಳ್ಳೆ ನಡುವೆ ನಿಂತಿತ್ತು. ಆ ತುದಿಗೆ ತಳ್ಳಿದಾಗ ಗಾಜಿನ ಮೇಲಿನ ಮೂರೂವರೆ ಗೆರೆ ಸರಿಯಿತು. ಇನ್ನೊಮ್ಮೆ ಮಾಡಿದೆ. ಮೂರೂವರೆ. ಹಳಿಗಳು ಒಂದಕ್ಕೊಂದು ಹೊರಳಿದ್ದವು.

ಹತ್ತಕ್ಕೆ ನೀರಾವರಿ ಇಲಾಖೆಯ ತಪಾಸಣೆಯ ಎಂಜಿನಿಯರು ಬಂದರು, ತಾವೇ ಅಳೆದರು, ಅಳತೆ ಬರೆದುಕೊಂಡು ಜೀಪಿನ ಕಡೆ ನಡೆದರು. ಮಾಲೀಕರ ಮುಖ ಕಪ್ಪಿಟ್ಟಿತು. ಕೆಲಸಗಾರರೆಲ್ಲ ಕೈ ನಿಲ್ಲಿಸಿ ನೋಡುತ್ತಿದ್ದರು.

"ಸಾಹೇಬ್ರ, ಒಂದs ಮಾತ್ ಹೇಳ್ರಿ. ತಪ್ಪು ನಿಮ್ಮ ನಕ್ಷೆದಾಗ ಅದನೋ, ಇವನ ಕೈಯಾಗ ಅದನೋ?" ಮಾಲೀಕರು ನನ್ನನ್ನು ಕೇಳಿದರು.

ನಾನು ಒಂದು ಗಳಿಗೆ ಯೋಚಿಸಬಹುದಿತ್ತು. ಪ್ರತಿ ಯಂತ್ರವನ್ನೂ ಕ್ರಮವಾಗಿ ಪರೀಕ್ಷಿಸಬೇಕು, ಮೊದಲು ಅಡಿಪಾಯ, ಆಮೇಲೆ ಬೋಲ್ಟು, ಕೊನೆಗೆ ಹಳಿ ಎಂದು ಇತರರಿಗೆ ಕಲಿಸಿದವನು ನಾನೇ. ಆ ದಿನ ಕ್ರಮ ತಪ್ಪಿಸಿದೆ.

"ನಕ್ಷೆ ಸರಿ ಅದರಿ. ಕೆರೆಯೂದ್ರಾಗ ಏನರ ಆಗಿರಬೇಕು."

ಫಿಟರ್ ನನ್ನ ಮುಖ ನೋಡಿದ. "ಬೋಲ್ಟ್ ಬಿಚ್ಚಿ ಒಮ್ಮಿ ನೋಡ್ರಿ ಸಾಹೇಬ್ರ. ಹಾಸು ಜಗ್ಗಾಕತ್ತೇತಿ ಅನಸ್ತದ."

"ಜಗ್ಗತದಂತ! ಅದೇನ್ ನಿಮ್ಮ ಟಗರೇನೋ?" ಮಾಲೀಕರು ಅಂದರು. "ಕೈ ನಡಗಾಕತ್ತೇತಿ ಅಂದ್ರ ಮೊದ್ಲs ಹೇಳಬೇಕಿತ್ತು. ನಾಳಿಂದ ಬರಬ್ಯಾಡ."

"ಧಣೇರ, ಕೈ ನಡಗಂಗಿಲ್ಲ," ಎಂದು ಅವನು ಎರಡೂ ಕೈ ಮುಂದೆ ಚಾಚಿ ನಿಂತ. ಚಾಚಿದ ಕೈಗಳು ಅಲುಗಲಿಲ್ಲ. ಮಾಲೀಕರು ನೋಡಲಿಲ್ಲ, ಎಂಜಿನಿಯರ ಹಿಂದೆ ಓಡಿದರು. ಅವನು ಸ್ಕ್ರೇಪರುಗಳನ್ನು ಎಣ್ಣೆಬಟ್ಟೆಯಲ್ಲಿ ಸುತ್ತಿಕೊಂಡು ಹೊರಟ.

ನಮ್ಮ ಕಸುಬಿನಲ್ಲಿ ಫಿಟರಿಗೆ ಇರುವುದು ಕೈಯ ಹೆಸರೊಂದೇ. ಯಾದಗಿರಿಯಿಂದ ಸುರಪುರದವರೆಗೆ ಇದ್ದ ಕಾರ್ಖಾನೆಗಳು ಕೈಬೆರಳಿನಲ್ಲಿ ಎಣಿಸುವಷ್ಟು. 'ಅವನ ಕೈ ಹೋಗ್ಯಾದ' ಎಂಬ ಮಾತು ಒಮ್ಮೆ ಬಸ್ಸು ಹತ್ತಿದರೆ ಸಂಜೆಯೊಳಗೆ ಎಲ್ಲ ಕಡೆ ಇಳಿಯುತ್ತಿತ್ತು.

ಮಧ್ಯಾಹ್ನ ಊಟದ ಹೊತ್ತಿಗೆ ಶೆಡ್ಡು ಖಾಲಿಯಾಯಿತು. ಸ್ಪ್ಯಾನರ್ ತಂದು ಕಾಲುವೆ ಕಡೆಯ ಮೂಲೆಯ ಬೋಲ್ಟನ್ನು ಸಡಿಲಿಸಿದೆ. ಒಂದು ಸಣ್ಣ ಟಕ್ ಸದ್ದು ಬಂತು. ಬಿಗಿಹಿಡಿದಿದ್ದ ಹಾಸು ಬಿಡಿಸಿಕೊಂಡ ಸದ್ದು. ಮೇಜನ್ನು ತಳ್ಳಿದೆ. ಗುಳ್ಳೆ ನಡುವೆಯೇ ನಿಂತಿತು. ಅವನ ಕೆಲಸ ಮೇ ತಿಂಗಳಲ್ಲಿ ಹೇಗಿತ್ತೋ ಹಾಗೆಯೇ ಇತ್ತು.

ತಪ್ಪು ಏನೆಂದು ಆಗ ಗೊತ್ತಾಯಿತು. ನಾನು ಯಾದಗಿರಿಯವನು, ಬಂಡೆಯ ಮೇಲೆ ಮನೆ ಕಟ್ಟುವವರ ನಡುವೆ ಬೆಳೆದವನು. ಹಾಸಿನ ಅಡಿಗೆ ಎರಡು ಬೇರೆ ಬೇರೆ ಕಾಂಕ್ರೀಟ್ ಕಟ್ಟೆ ಹಾಕಿಸಿ ಆರು ಬೋಲ್ಟುಗಳಿಂದ ಬಿಗಿದಿದ್ದೆ. ಕಟ್ಟೆ ಹಾಕಿಸಿದ್ದು ಬೇಸಿಗೆಯಲ್ಲಿ. ಎರೆಮಣ್ಣು ಒಣಗಿ ಕೈ ತೂರುವಷ್ಟು ಬಿರಿದಿತ್ತು. ಬಿರುಕುಗಳಿಗೆ ಮರಳು ತುಂಬಿಸಿ ಅದರ ಮೇಲೆಯೇ ಕಾಂಕ್ರೀಟ್ ಸುರಿಸಿದೆ. ಅಂದು ಫಿಟರ್ ಹತ್ತಿರ ಬಂದು, "ಎರಿಯಾಗ ಮನಿ ಕಟ್ಟೋರು ಕೆಳಗಿನ ಗಟ್ಟಿ ಗರಸು ಸಿಗೂತನ ತೋಡ್ತಾರ್ರಿ. ನೀರ್ ಬಂದ್ರ ಈ ಮಣ್ಣು ಉಬ್ಬತದ" ಅಂದಿದ್ದ. "ಇದು ಮನಿ ಅಲ್ಲೋ, ಮಷೀನು" ಅಂದಿದ್ದೆ. ಎಲ್ಲರೂ ನಕ್ಕಿದ್ದರು, ಅವನೂ ನಕ್ಕಿದ್ದ. ಈಗ ಕಾಲುವೆಯ ನೀರು ಮಣ್ಣಿಗೆ ಇಳಿದಿತ್ತು. ಕಾಲುವೆ ಕಡೆಯ ಕಟ್ಟೆ ಒಂದು ಮಗ್ಗುಲಿಗೆ ಎದ್ದು ಹಾಸನ್ನು ತಿರುಚಿತ್ತು.

ಮೂರಕ್ಕೆ ಮಾಲೀಕರು ಮರಳಿದರು. ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಅವರು ಕುರ್ಚಿಯಲ್ಲಿ ಕುಸಿದು ಕೂತರು.

"ಎಂಜಿನಿಯರ್ ಸಾಹೇಬ್ರಿಗೆ ಈಗಷ್ಟs ಹೇಳಿ ಬಂದೀನಿ. ಮನಷ್ಯಾನ ತಪ್ಪು, ತಗದು ಹಾಕೀವಿ, ಬ್ಯಾರೇದವನ್ನ ಕರಸ್ತೀವಿ ಅಂತ. ಅಡಿಪಾಯನs ತಪ್ಪು ಅಂದ್ರ ನಮ್ಮನ್ನ ಯಾರ್ ನಂಬತಾರ? ಬಾಯಿ ಮುಚಗೊಂಡ್ ಕಟ್ಟಿ ಸರಿ ಮಾಡಸ್ರಿ."

"ಅವನ್ನ ಕರಸ್ರಿ."

"ಕರಸಿದ್ರ ನಾ ಸುಳ್ಳು ಹೇಳಿದಂಗ ಆಗ್ತದ."

"ಹೇಳೀರಿ."

"ಮೊದ್ಲು ಹೇಳಿದಾವ್ರು ನೀವು, ಸಾಹೇಬ್ರ."

ಐದಕ್ಕೆ ಸೈಕಲ್ ಏರಿ ಶಿರವಾಳಕ್ಕೆ ಹೋದೆ.

ಅವನು ಹಟ್ಟಿಯ ಮುಂದೆ ಅಣ್ಣನ ಕುರಿಗಳ ಕಾಲುಗೊರಸು ನೋಡುತ್ತಿದ್ದ. ಹೆಂಡತಿ ನೀರು ತಂದಿಟ್ಟಳು, ಕೂರಲು ಹೇಳಲಿಲ್ಲ. ನಿಂತೇ ಹೇಳಿದೆ: ಬೋಲ್ಟು ಬಿಚ್ಚಿದೆ, ನಿನ್ನ ಕೆಲಸ ಸರಿಯಿತ್ತು, ಮಾಲೀಕರು ಮರಳಿ ತಗೊಳ್ಳುವುದಿಲ್ಲ.

"ಗೊತ್ತಿತ್ರಿ," ಅಂದ. ಕುರಿಯ ಕಾಲು ಬಿಡಲಿಲ್ಲ. "ಸುರಪುರದ ಕಾರ್ಖಾನಿದಾವ್ರು ಮುಂದಿನ ತಿಂಗಳಾ ಬಾ ಅಂದಿದ್ರು. ಮಧ್ಯಾಹ್ನ ಬಸ್‌ಸ್ಟ್ಯಾಂಡಿನ್ಯಾಗ ಅಲ್ಲಿನ ಮನಷ್ಯಾ ಸಿಕ್ಕಿದ್ದ. ಬ್ಯಾಡ ಅಂದ."

"ನಾ ಹೋಗಿ ಹೇಳ್ತೀನಿ."

"ಏನಂತ ಹೇಳ್ತೀರಿ? ಮುಂಜಾನಿ ಹೇಳಿದ್ದು ಸುಳ್ಳು, ಸಂಜಿದು ಖರೇ ಅಂತ?" ಹೆಂಡತಿ ಕೇಳಿದಳು. "ಬಾಯಿ ಮಾತು ಸಾಕ್ರಿ ಯಪ್ಪಾ. ಕಾಗದದ ಮ್ಯಾಲ ಬರಕೊಡ್ರಿ."

ಕಿಸೆಯಲ್ಲಿದ್ದ ಕಾಗದ ತೆಗೆದು ಬರೆದೆ: ಅಡಿಪಾಯದಲ್ಲಿ ದೋಷವಿತ್ತು, ಈ ಫಿಟರನ ಕೆಲಸದಲ್ಲಿ ಯಾವ ಕುಂದೂ ಇಲ್ಲ. ಓದಿ ಹೇಳಿದೆ.

"ಅಡಿಪಾಯ ಯಾರ್ ಹಾಕ್ಸಿದ್ರು?" ಅಂದಳು.

"ಬಿಡs," ಎಂದು ಅವನು ಗದರಿದ. ಅವಳು ಬಿಡಲಿಲ್ಲ, ನನ್ನ ಕಡೆಯೇ ನೋಡುತ್ತ ನಿಂತಳು.

ಆ ಕಾಗದ ಹರಿದು ಇನ್ನೊಂದರಲ್ಲಿ ಬರೆದೆ. ಅಡಿಪಾಯದ ನಕ್ಷೆ ನನ್ನದು. ನಿಂತು ಹಾಕಿಸಿದವನೂ ನಾನೇ. ಈ ಫಿಟರ್ ಮೊದಲೇ ಎಚ್ಚರಿಸಿದ್ದ, ನಾನು ಕೇಳಲಿಲ್ಲ. ಇಂದು ಬೆಳಿಗ್ಗೆ ಎಲ್ಲರೆದುರು ಅವನ ಮೇಲೆ ತಪ್ಪು ಹೊರಿಸಿದ್ದು ಸುಳ್ಳು.

ಪೂರ್ತಿ ಹೆಸರು, ತಾರೀಖು, ಸಮಯ ಬರೆದು ಸಹಿ ಮಾಡಿದೆ. ಆಗ ಆರೂಕಾಲು ಗಂಟೆ. ಮುಂದೆ ಯಾವ ಕಾರ್ಖಾನೆಯವರೂ ಅವನನ್ನು ಕೆಲಸಕ್ಕೆ ಕರೆಯಲಿಲ್ಲ, ಆ ಕಾಗದ ತೋರಿಸು ಎಂದೂ ಕೇಳಲಿಲ್ಲ, ಅದು ಆಮೇಲೆ ತಿಳಿದ ಮಾತು. ಅಂದು ಅವಳು ಅದನ್ನು ಎರಡು ಮಡಿಕೆ ಮಾಡಿ ರೇಷನ್ ಕಾರ್ಡಿನೊಳಗೆ ಇಟ್ಟಳು. ನಾನು ಪೆನ್ನಿನ ಮುಚ್ಚಳ ಹಾಕಿದೆ.