ದೊಡ್ಡಯ್ಯನ ಮೀಸೆ

ಇತಿಹಾಸ ಪಾಠ ಹೇಳುವವರಿಗೆ ಸತ್ತವರ ಮುಖಗಳ ವಿಷಯದಲ್ಲಿ ಒಂದು ಬಗೆಯ ಭಂಡ ಧೈರ್ಯ ಇರುತ್ತದೆ. ನನ್ನ ಅತ್ತಿಗೆಯ ತಂಗಿ ಚಾಮರಾಜನಗರದ ಬಸ್ ನಿಲ್ದಾಣದಲ್ಲಿ ಎದುರಾದರೆ ಯಾರೆಂದು ತಟ್ಟನೆ ಹೊಳೆಯದ ನಾನು, ಸಾವಿರ ವರ್ಷದ ಹಿಂದಿನ ರಾಜನ ಚಿತ್ರದ ಮೇಲೆ ಬೆರಳಿಟ್ಟು ‘ಇವನೇ’ ಎಂದು ಮಕ್ಕಳಿಗೆ ತೋರಿಸಿದವನು. ಪಠ್ಯಪುಸ್ತಕದ ಆ ರಾಜರನ್ನು ನೀವೂ ನೋಡಿರುತ್ತೀರಿ. ಎಲ್ಲರಿಗೂ ಒಂದೇ ಮುಖ. ಕಿರೀಟ ಬದಲಾದರೆ ವಂಶ ಬದಲಾಯಿತು ಎಂದು ತಿಳಿಯಬೇಕು. ಒಬ್ಬನಿಗೂ ಉಬ್ಬುಹಲ್ಲಿಲ್ಲ, ಸೊಟ್ಟ ಮೂಗಿಲ್ಲ. ಮೀಸೆ ಮಾತ್ರ ಎಲ್ಲರಿಗೂ ಉಂಟು.

ತೊಂಬತ್ತರ ದಶಕದ ನಡುವಿನಲ್ಲಿ ನಾನು ತಮಿಳುನಾಡಿಗೆ ಸೇರಿದ ಬೆಟ್ಟದ ಮೇಲಿನ ತಾಳವಾಡಿಯಲ್ಲಿ ಕನ್ನಡ ಮಕ್ಕಳಿಗೆ ಪಾಠ ಹೇಳಿಕೊಂಡಿದ್ದೆ. ಬೇರೆ ದೇಶಗಳಲ್ಲಿ ಹಳೆಯ ರಾಜರ ತಲೆಬುರುಡೆಯ ಮೇಲೆ ಜೇಡಿಮಣ್ಣು ಮೆತ್ತಿ ಅವರ ನಿಜವಾದ ಮುಖವನ್ನು ಮತ್ತೆ ಮಾಡುತ್ತಾರಂತೆ ಎಂದು ಯಾವುದೋ ಪತ್ರಿಕೆಯಲ್ಲಿ ಓದಿದೆ. ಓದಿದವನು ಸುಮ್ಮನಿರಬಹುದಿತ್ತು. ಆದರೆ ಮೇಷ್ಟ್ರ ಬಾಯಿ. ಟೀ ಅಂಗಡಿಯಲ್ಲಿ ಅದನ್ನು ಉಪನ್ಯಾಸದಂತೆ ಹೇಳಿಬಿಟ್ಟೆ. ಮೂಲೆಯ ಬೆಂಚಿನಲ್ಲಿ ದೊಡ್ಡಗಾಜನೂರಿನ ಶಿವನಂಜಪ್ಪನವರು ಕುಳಿತಿದ್ದರು.

ಅವರದು ಶಿವಪೂಜೆಯ ಹಳೆಯ ಮನೆತನ. ಆ ಮನೆಗಳಲ್ಲಿ ಸತ್ತವರನ್ನು ಸುಡುವುದಿಲ್ಲ, ಕೂರಿಸಿ ಹೂಳುತ್ತಾರೆ. ದೊಡ್ಡವರಾಗಿದ್ದರೆ ಮೇಲೆ ಕಲ್ಲಿನ ಕಟ್ಟೆ ಕಟ್ಟಿ ಗದ್ದುಗೆ ಎಂದು ದೀಪ ಹಚ್ಚುತ್ತಾರೆ. ಶಿವನಂಜಪ್ಪನವರ ಹೊಲದಂಚಿನಲ್ಲಿದ್ದುದು ಎಷ್ಟೋ ತಲೆಮಾರಿನ ಹಿಂದಿನ ಅವರ ಹಿರಿಯ ದೊಡ್ಡಯ್ಯನ ಗದ್ದುಗೆ. ಬಯಲಿನಿಂದ ಕುದುರೆ ಏರಿ ಬಂದ ದರೋಡೆಕೋರರು ಊರಿನ ದನಕರುಗಳನ್ನು ಹೊಡೆದುಕೊಂಡು ಹೊರಟಾಗ ಈ ದೊಡ್ಡಯ್ಯ ಮಚ್ಚು ಹಿಡಿದು ಅಡ್ಡ ನಿಂತನಂತೆ. ಹಣೆಗೆ ಕತ್ತಿಯೇಟು ಬಿದ್ದರೂ ಜಗ್ಗಲಿಲ್ಲವಂತೆ. ಬಂದವರೇ ತಿರುಗಿ ಹೋದರಂತೆ. ಈ ಕತೆಯ ಬಲದಿಂದ ಸುತ್ತಿನ ಯಾವ ಮದುವೆಗೆ ಹೋದರೂ ಮೊದಲ ತಾಂಬೂಲ ಶಿವನಂಜಪ್ಪನವರಿಗೆ.

ಆ ವರ್ಷ ಗಾಳಿಮಳೆಗೆ ಗದ್ದುಗೆಯ ಪಕ್ಕದ ಬೇವಿನ ಮರ ಬುಡಸಮೇತ ಉರುಳಿತು. ಕಟ್ಟೆ ಒಡೆಯಿತು. ಬೇರುಗಳ ನಡುವೆ, ಯಾರೋ ಜೋಪಾನವಾಗಿ ಎತ್ತಿ ಹಿಡಿದಂತೆ, ಬುರುಡೆ ಕೆಲವು ಮೂಳೆಗಳೊಂದಿಗೆ ಮೇಲೆ ಬಂದಿತ್ತು. ಸತ್ಯಮಂಗಲದಿಂದ ಅಧಿಕಾರಿಗಳು ಬಂದು ನೋಡಿ, ಹಳೆಯದು, ಆ ಮನೆಯವರದೇ ಎಂದು ಹೇಳಿ ಹೋದರು. ಮರುದಿನ ಶಿವನಂಜಪ್ಪನವರು ನನ್ನ ಬಾಗಿಲಲ್ಲಿದ್ದರು.

“ಮೇಷ್ಟ್ರೇ, ನಮ್ ದೊಡ್ಡಯ್ಯನ ಮಖ ಮಾಡುಸ್ಬೇಕು. ಏನಾರ ಆಗ್ಲಿ, ಅವ್ರು ಮಾತ್ರ ಗಾಟಿ ಇಳ್ಯಂಗಿಲ್ಲ” ಎಂದರು.

ಹೀಗಾಗಿ ಗಾಟಿ ಹತ್ತಿ ಬರಬೇಕಾದವಳು ಸುಮತಿ. ಕೊಯಮತ್ತೂರಿನ ಶಿಲ್ಪಿ, ನನ್ನ ಗೆಳೆಯರೊಬ್ಬರ ಮಗಳು. ಗುರುತು ಸಿಗದ ಹೆಣಗಳ ಮುಖ ಮಾಡಿಕೊಡುವ ವೈದ್ಯರೊಬ್ಬರ ಕೈಕೆಳಗೆ ಈ ವಿದ್ಯೆ ಕಲಿತಿದ್ದಳು. ದಿಂಬಂ ಗಾಟಿಯ ತಿರುವುಗಳಲ್ಲಿ ಹೊಟ್ಟೆಯೊಳಗಿದ್ದುದನ್ನೆಲ್ಲ ಕಳೆದುಕೊಂಡು, ಕೈಯಲ್ಲೊಂದು ನಿಂಬೆಹಣ್ಣು ಹಿಡಿದು ಬಸ್ಸಿನಿಂದ ಇಳಿದಳು. ಬೇಸಿಗೆ ರಜೆಯಿಂದ ಖಾಲಿಯಿದ್ದ ಶಾಲೆಯ ಒಂದು ಕೋಣೆ ಅವಳ ಕಾರ್ಯಾಗಾರವಾಯಿತು.

ಕೆಲಸ ನಾನು ಊಹಿಸಿದಷ್ಟು ಮಾಂತ್ರಿಕವಾಗಿರಲಿಲ್ಲ. ಬುರುಡೆಯ ಅಚ್ಚು ತೆಗೆದು, ಅಚ್ಚಿನ ಮೇಲೆ ಅಲ್ಲಲ್ಲಿ ಸಣ್ಣ ಕಡ್ಡಿಗಳನ್ನು ನೆಟ್ಟಳು. ಹಣೆಯ ಮೇಲೆ ಮಾಂಸ ತೆಳು, ಕೆನ್ನೆಯ ಮೇಲೆ ದಪ್ಪ. ಎಲ್ಲೆಲ್ಲಿ ಎಷ್ಟು ಎಂಬುದಕ್ಕೆ ಲೆಕ್ಕವಿದೆಯಂತೆ. ಕಡ್ಡಿಯ ತುದಿ ಮುಚ್ಚುವಷ್ಟು ಮಣ್ಣು, ಅದಕ್ಕಿಂತ ಚೂರೂ ಹೆಚ್ಚಿಲ್ಲ. ಮೂಗಿನ ತುದಿ, ಕಿವಿ, ಇವಕ್ಕೆ ಮಾತ್ರ ಮೂಳೆ ಇಲ್ಲದ್ದರಿಂದ ಅರ್ಧ ಊಹೆ. ನನ್ನ ಮುಖವನ್ನು ಹೀಗೆ ಕಡ್ಡಿ ನೆಟ್ಟು ಅಳೆದರೆ ಗಲ್ಲದ ಹತ್ತಿರ ಕಡ್ಡಿಯೇ ಸಾಲದು ಎಂದೆ. ಅವಳು ನಗದೆ ನನ್ನ ಗಲ್ಲವನ್ನು ನೋಡಿ, ಹೌದೆಂದು ತಲೆಯಾಡಿಸಿದಳು.

ಕೋಣೆಯಲ್ಲಿ ಇನ್ನೊಬ್ಬರಿದ್ದರು. ಶಿವನಂಜಪ್ಪನವರ ಅಕ್ಕ ಪುಟ್ಟಮ್ಮಣ್ಣಿ. ಚಿಕ್ಕ ವಯಸ್ಸಿನಲ್ಲೇ ಗಂಡನನ್ನು ಕಳೆದುಕೊಂಡು ತವರಿಗೆ ಬಂದು, ಆ ಮನೆಯ ದನಕರು, ಹೊಲಗದ್ದೆ, ಜಗಳ ಎಲ್ಲವನ್ನೂ ನಡೆಸುತ್ತಿದ್ದವರು. ಮನೆಯ ಹಿರಿಯರನ್ನು ಪರಸ್ಥಳದಲ್ಲಿ ಒಂಟಿಯಾಗಿ ಬಿಡಬಾರದೆಂದು ದಿನವೂ ಬಂದು ಬುರುಡೆಯ ಪಕ್ಕ ಕುಳಿತು, ಯಾವ ಹಸು ಕರು ಹಾಕಿತು, ಯಾರ ಮನೆಗೆ ನೆಂಟರು ಬಂದರು ಎಂದು ಅದಕ್ಕೆ ವರದಿ ಒಪ್ಪಿಸುತ್ತಿದ್ದರು.

ಮಣ್ಣು ಕೆನ್ನೆಗೆ ಬರುವ ಮೊದಲೇ ಸುಮತಿ ಮಂಕಾದಳು. ಬುರುಡೆಯನ್ನು ತಿರುವಿ ಮುರುವಿ ನೋಡಿದಳು. ಚಿತ್ರ ತೆಗೆದು ತನಗೆ ವಿದ್ಯೆ ಕಲಿಸಿದ ವೈದ್ಯರಿಗೆ ಅಂಚೆಯಲ್ಲಿ ಕಳಿಸಿದಳು; ಉತ್ತರ ಬಂದ ಮೇಲೆ ನನ್ನನ್ನು ಕರೆದು ತನ್ನ ತಮಿಳು ಬೆರೆತ ಕನ್ನಡದಲ್ಲಿ ಹೇಳಿದಳು: “ಸಾರ್, ಇವರು ಅಯ್ಯ ಇಲ್ಲ. ಅಮ್ಮ.”

ಹುಬ್ಬಿನ ಮೂಳೆ ನುಣುಪು, ಕಿವಿಯ ಹಿಂದಿನ ಗುಬುಟು ಸಣ್ಣದು, ದವಡೆ ಚೂಪು. ಬುರುಡೆಯೊಂದಿಗೆ ಸಿಕ್ಕಿದ ಸೊಂಟದ ಮೂಳೆಯೂ ಹೆಂಗಸಿನದೇ. ಹಲ್ಲೆಲ್ಲ ಉದುರಿದ ಮುದುಕಿ. ಹಣೆಯ ಮೇಲೆ ಕತ್ತಿ ಬಿದ್ದ ಗಾಯ. ಅಂಚುಗಳು ಕೂಡಿಕೊಂಡು ನುಣ್ಣಗಾಗಿದ್ದವು. ಏಟು ತಿಂದ ಮೇಲೂ ಬಹಳ ವರ್ಷ ಬದುಕಿದ್ದಾಳೆ.

ಶಿವನಂಜಪ್ಪನವರು ಮೊದಲು ನಕ್ಕರು. ಆಮೇಲೆ ಇದು ಬೇರೆ ಯಾರದೋ ಬುರುಡೆ ಇರಬೇಕೆಂದರು. ಗದ್ದುಗೆಯಲ್ಲಿದ್ದುದು ಒಂದೇ, ಹಣೆಯ ಗಾಯ ಕತೆಗೆ ಸರಿಯಾಗಿ ಕೂಡುತ್ತದೆ ಎಂದು ನಾನು ನೆನಪಿಸಿದೆ. ಹೊಸದಾಗಿ ಕಟ್ಟುವ ಗದ್ದುಗೆಯಲ್ಲಿ ಪ್ರತಿಮೆ ಇಡುವ ದಿನಕ್ಕೆ ಕೊಳ್ಳೇಗಾಲದ ತನಕ ನೆಂಟರಿಗೆಲ್ಲ ಹೇಳಿಯಾಗಿತ್ತು. ಮೊದಲ ತಾಂಬೂಲ ಯಾವ ಮುಖ ಇಟ್ಟುಕೊಂಡು ತೆಗೆದುಕೊಳ್ಳಲಿ ಎಂಬುದು ಅವರ ಸಂಕಟ. ಅದು ಸುಳ್ಳು ಸಂಕಟವಲ್ಲ. ಕೊನೆಗೆ, ಮಣ್ಣಿನ ಮುಖ ಮುಗಿಯುತ್ತ ಬಂದಾಗ, ಸುಮತಿಯ ಬಳಿ ಬಹಳ ಮೆತ್ತಗೆ ಕೇಳಿದರು: “ಒಂದು ಮೀಸ ಮಡಗ್ಬುಡವ್ವ. ಮಿಕ್ಕಿದ್ದೆಲ್ಲ ಇದ್ದಂಗೇ ಇರ್ಲಿ.”

ಸುಮತಿ ಒಪ್ಪಲಿಲ್ಲ. ಮೂಗು ಕಿವಿಗಳನ್ನು ಊಹಿಸಿದ್ದೇ ತನಗೆ ಹೆಚ್ಚಾಗಿದೆ, ಎಲುಬು ಇಲ್ಲವೆಂದಿದ್ದನ್ನು ಹಚ್ಚಲಾರೆ ಎಂದಳು. ಆಗ ಅವರೇ ಬೋಗುಣಿಯಿಂದ ಒಂದಿಷ್ಟು ಮಣ್ಣು ತೆಗೆದು, ಅಂಗೈಯಲ್ಲಿ ಹೊಸೆದು, ಆ ಮುದುಕಿಯ ತುಟಿಯ ಮೇಲೆ ಅಂಟಿಸಿದರು. ನಾಚಿಕೆಯ ಸಂಗತಿಯೆಂದರೆ ಅದು ಚೆನ್ನಾಗಿಯೇ ಕೂತಿತು. ಪಠ್ಯಪುಸ್ತಕದ ರಾಜನೊಬ್ಬ ನನ್ನೆದುರು ಎದ್ದು ಬಂದಂತಾಯಿತು.

ಪುಟ್ಟಮ್ಮಣ್ಣಿ ಗೋಡೆ ಹಿಡಿದು ಎದ್ದರು. ಸೆರಗಿನಿಂದ ಕೈ ಒರೆಸಿಕೊಂಡು ಆ ಮೀಸೆಯನ್ನು ಕಿತ್ತು, ತಮ್ಮನ ಅಂಗೈಗೆ ಇಟ್ಟರು.

“ಕತ್ತಿ ಏಟ್ಗೇ ಬಗ್ಗದೋರ್ಗೆ ನಿನ್ ಮೀಸ ಯಾಕ್ಲಾ ಶಿವನಂಜ?”

ಶಿವನಂಜಪ್ಪನವರು ಮಣ್ಣು ಹಿಡಿದುಕೊಂಡೇ ಹೊರಗೆ ನಡೆದರು. ಪುಟ್ಟಮ್ಮಣ್ಣಿ ಮತ್ತೆ ಬುರುಡೆಯ ಪಕ್ಕ ಹೋಗಿ ಕುಳಿತರು. ಆ ಮನೆಯಲ್ಲಿ ಅವರಿದ್ದುದು ತಮ್ಮನ ನೆರಳಿನಲ್ಲಿ. ಅದು ಕೋಣೆಯಲ್ಲಿದ್ದ ನಮಗೆಲ್ಲ ಗೊತ್ತಿತ್ತು, ಅವರಿಗೆ ಎಲ್ಲರಿಗಿಂತ ಚೆನ್ನಾಗಿ ಗೊತ್ತಿತ್ತು.

ಇನ್ನು ನನ್ನ ಸರದಿ. ಹೊಸ ಗದ್ದುಗೆಗೆ ಬರಹ ಬರೆದುಕೊಡುವುದು ನನ್ನ ಪಾಲಿಗೆ ಬಂದಿತ್ತು. ಗಂಡೋ ಹೆಣ್ಣೋ ತಿಳಿಯದ ಹಾಗೆ ಬರೆಯಿರಿ ಎಂದು ಶಿವನಂಜಪ್ಪನವರು ಹೇಳಿಕಳಿಸಿದರು. ಕನ್ನಡದಲ್ಲಿ ಅದಕ್ಕೆ ಬೇಕಾದಷ್ಟು ಅನುಕೂಲವಿದೆ. ‘ಹಿರಿಯರು’ ಎಂದರಾಯಿತು, ಬಂದರು, ನಿಂತರು, ಗೆದ್ದರು. ಗೌರವದ ಕಂಬಳಿ ಹೊದಿಸಿದರೆ ಒಳಗೆ ಯಾರಿದ್ದಾರೆಂದು ಗೊತ್ತಾಗುವುದಿಲ್ಲ. ಶಾಲೆಯ ಕಟ್ಟಡಕ್ಕೆ ಜಾಗ ಕೊಟ್ಟ ಮನೆ, ಎದುರು ಹಾಕಿಕೊಳ್ಳಬೇಡಿ ಎಂದು ಹೆಡ್‌ಮಾಸ್ತರರೂ ಕಿವಿಯಲ್ಲಿ ಹೇಳಿದರು. ನಾನು ಸ್ವಭಾವತಃ ಹೇಡಿ, ಬಹುವಚನಗಳ ಅಭಿಮಾನಿ. ಆದರೆ ಮೀಸೆ ಕಿತ್ತ ಆ ಕೈಯನ್ನು ನೋಡಿದ ಮೇಲೆ ನನ್ನ ಪೆನ್ನಿಗೆ ಬಹುವಚನ ಬರಲಿಲ್ಲ. ‘ಹಣೆಗೆ ಏಟು ತಿಂದು, ವಾಸಿಯಾಗಿ, ಹಲ್ಲೆಲ್ಲ ಉದುರುವ ತನಕ ಬಾಳಿದ ತಾಯಿ ಇಲ್ಲಿದ್ದಾಳೆ’ ಎಂದು ಬರೆದು ಕಲ್ಲು ಕೆತ್ತುವವರಿಗೆ ನಾನೇ ಕೊಟ್ಟುಬಂದೆ.

ಬುರುಡೆಯನ್ನು ಮತ್ತೆ ಮಣ್ಣಿಗಿಡುವ ದಿನ ಶಿವನಂಜಪ್ಪನವರು ಬರಲಿಲ್ಲ. ಊರಿನ ಹೆಂಗಸರು ಕೇಳದೆಯೇ ಬಂದರು. ಸುಮತಿ ಸಿಮೆಂಟಿನಲ್ಲಿ ಎರಕ ಹೊಯ್ದಿದ್ದ ಮುಖವನ್ನು ನೋಡಿ ಒಬ್ಬಳು ತನ್ನ ಅಜ್ಜಿಯೆಂದಳು, ಇನ್ನೊಬ್ಬಳು ತನ್ನ ಅತ್ತೆಯೆಂದು ದೂರ ನಿಂತಳು. ಪೂಜೆಗೆ ಬಂದ ಐನೋರು ಯಾರ ಹೆಸರಿನಲ್ಲಿ ಪೂಜೆ ಎಂದು ಕೇಳಿದರು. ದೊಡ್ಡಯ್ಯ ಎಂಬುದು ಕರೆಯುವ ಹೆಸರು; ನಿಜವಾದ ಹೆಸರು ಯಾರಿಗೂ ತಿಳಿದಿರಲಿಲ್ಲ.

“ಎಸ್ರು ಯಾರ್ಗೂ ಗೊತ್ತಿಲ್ಲ ಅಂದ್ರೆ ಎಂಗ್ಸೇ ಕಣ್ ಬುಡಿ ಸ್ವಾಮಿ” ಎಂದರು ಪುಟ್ಟಮ್ಮಣ್ಣಿ. “ಗಂಡ್ಸಾಗಿದ್ರೆ ಮೊಮ್ಮಕ್ಳಿಗೆಲ್ಲ ಇಕ್ಕಿರೋರು.” ಐನೋರು ಅವ್ವ ಎಂದೇ ಪೂಜೆ ಮುಗಿಸಿದರು.

ಶಿವನಂಜಪ್ಪನವರು ಬಹಳ ದಿನ ನನ್ನೊಡನೆ ಮಾತು ಬಿಟ್ಟಿದ್ದರು. ಮದುವೆಗಳಲ್ಲಿ ಮೊದಲ ತಾಂಬೂಲ ಅವರಿಗೇ ಬರುತ್ತಿತ್ತು, ಯಾರೂ ನಗಲಿಲ್ಲ. ಒಂದು ಸಂಜೆ ಅವರು ಒಬ್ಬರೇ ಗದ್ದುಗೆಯ ಮುಂದೆ ನಿಂತು, ಆ ಸಿಮೆಂಟಿನ ಹಣೆಯ ಗಾಯವನ್ನು ಬೆರಳಿನಿಂದ ಮುಟ್ಟಿ ನೋಡುತ್ತಿದ್ದುದನ್ನು ಕಂಡೆ. ಬಾಯಲ್ಲಿ ಈಗಲೂ ದೊಡ್ಡಯ್ಯ ಎನ್ನುತ್ತಾರೆ. ಅದು ನಾಲಗೆಯ ರೂಢಿ. ನಾನು ತಿದ್ದಲು ಹೋಗುವುದಿಲ್ಲ, ಅವರ ಅಕ್ಕ ತಿದ್ದುತ್ತಾರೆ.

ಕೆಳಗಿನಿಂದ ಬಂದ ಓದಿದ ಜನ ಕೆಲವರು ಆ ಮುಖದ ಮುಂದೆ ನಿಂತು, ನಿಜವಾಗಿಯೂ ಹೀಗೇ ಇದ್ದಳೆಂದು ಏನು ಖಾತ್ರಿ ಎಂದು ನನ್ನನ್ನು ಕೆಣಕುವುದುಂಟು. ಖಾತ್ರಿಯೇನೂ ಇಲ್ಲ ಸ್ವಾಮಿ ಎನ್ನುತ್ತೇನೆ. ಮೂಗು ಇನ್ನಷ್ಟು ಮೊಂಡಾಗಿದ್ದಿರಬಹುದು. ಕಿವಿ ಪೂರ್ತಿ ತಪ್ಪಿರಬಹುದು. ಮೀಸೆಯಂತೂ ಇರಲಿಲ್ಲ.