ಅಕ್ಕನ್ನ ಕೇಳು
ಕಚೇರಿಯಲ್ಲಿ ಏನೇ ಕೆಟ್ಟರೂ ಎಲ್ಲರೂ "ಅಕ್ಕನ್ನ ಕೇಳು" ಎನ್ನುತ್ತಿದ್ದುದರಿಂದ, ಅದೊಂದು ಸಾಫ್ಟ್‌ವೇರ್ ಇರಬೇಕೆಂದು ನಂಬಿದ ಹೊಸಬ ಅದನ್ನು ಡೌನ್‌ಲೋಡ್ ಮಾಡಲು ಅರ್ಧ ದಿನ ಹುಡುಕಿದ. ಅಕ್ಕ ಮೂಲೆಯ ಮೇಜಿನಲ್ಲಿ ಕೂತು ಕಚೇರಿಯ ವೆಬ್‌ಸೈಟ್ ನೋಡಿಕೊಳ್ಳುತ್ತಿದ್ದರು. ಬೆಳಗಾದರೆ ಬ್ರೌಸರ್‌ಗಳ ಸುದ್ದಿ ಓದಿ, ಸಾವಿನ ಸುದ್ದಿ ತಂದವರಂತೆ "ಹೊಸ ವರ್ಷನ್ ಬಂತಪ್ಪಾ, ನಮ್ಮ ವೆಬ್‌ಸೈಟ್ ಹೋಯ್ತು" ಎನ್ನುವರು. ಉಳಿದವರು ಕಾಫಿ ಮುಗಿಸುವಷ್ಟರಲ್ಲಿ ಸರಿಪಡಿಸಿಯೂ ಇರುವರು. ಅವರು ಸೀನಿದರೆ ಸರ್ವರ್‌ಗೆ ನೆಗಡಿ ಎಂದು ಕಚೇರಿಯೇ ನಂಬಿತ್ತು. ಈ ವಾರ 'ತಂತ್ರಜ್ಞಾನದಲ್ಲಿ ನಮ್ಮ ಮಹಿಳೆಯರು' ಎಂಬ ವೆಬ್ ಪುಟವನ್ನೂ ಅವರೇ ಕಟ್ಟಿದರು. ಸಾಹೇಬರು ಕಳಿಸಿದ ಫೋಟೋಗಳಲ್ಲಿ ಸಾಹೇಬರ ಸೊಸೆಯೂ ಇದ್ದಳು, ಅಕ್ಕ ಮಾತ್ರ ಇರಲಿಲ್ಲ. "ಅಕ್ಕಾ, ನಿಮ್ಮ ಫೋಟೋ ಎಲ್ಲಿ?" ಎಂದು ಹೊಸಬ ಬಾಯಿತಪ್ಪಿ ಕೇಳಿಬಿಟ್ಟ. ಅಕ್ಕ ಪರದೆಯಿಂದ ಕಣ್ಣೆತ್ತಲಿಲ್ಲ. "ಎಲ್ಲಾ ನಾನೇ ಮಾಡ್ತೀನಿ ಕಣೋ. ನನ್ನ ಫೋಟೋನೂ ನಾನೇ ಅಂಟಿಸ್ಕೋಬೇಕಾ?"